ಕೆರೆಏರಿ ಏಕೆ ಸುಮ್ಮನಾದರು?

ತರೀಕೆರೆ
೯ ಜೂನ್ ೨೦೨೪

ಪ್ರೀತಿಯ ಹೇಮಕ್ಕನಿಗೆ,

ನಾನು ಮನೆ ಸೇರಿದೆ. ನೀವು ಬೀರೂರಿನಲ್ಲಿ ಇಳಿದು ಅಜ್ಜಂಪುರದ ಗಾಡಿ ಹಿಡಿದಿರೋ, ಇಲ್ಲ ನನ್ನ ಹರಟೆಯ ಗುಂಗಿನಲ್ಲಿ ಕೂತಲ್ಲೇ ಕೂತು ಬೆಂಗಳೂರಿಗೆ ಹೋಗಿಬಿಟ್ಟಿರೋ, ಮೊದಲು ಅದನ್ನು ತಿಳಿಸಿ. ಶಿವಮೊಗ್ಗದಿಂದ ತರೀಕೆರೆ ಬರುವವರೆಗೆ ನಿಮಗೆ ಒಂದು ಮಾತು ಆಡಲೂ ಬಿಡಲಿಲ್ಲ ಅಂತ ಇಳಿದ ಮೇಲೆ ನೆನಪಾಯಿತು. ಏನು ಮಾಡಲಿ? ಶಿವಮೊಗ್ಗದ ಆ ವಿಕಿ ಕಮ್ಮಟದಲ್ಲಿ ಇದ್ದವರೆಲ್ಲ ವಿಕಿಗೆ ಬರೆಯುವವರು. ವಿಕಿಗೆ ಬರೆಯುವವರನ್ನು ಕೂತು ಓದುವ ಹುಚ್ಚು ಇದ್ದದ್ದು ನಮ್ಮಿಬ್ಬರಿಗೇ.

ಅಮ್ಮಿಗೆ ನನ್ನ ಪಿಎಚ್‌ಡಿ ಏನು ಅಂತ ಇವತ್ತು ನೂರನೆಯ ಸಲ ವಿವರಿಸಿದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಪುಟಗಳು ಇರ್ತವೆ. ಪ್ರತಿ ಪುಟದ ಬೆನ್ನಿಗೂ ಒಂದು ಚರ್ಚೆ ಪುಟ. ಬರೆದವರು ಅಲ್ಲಿ ಕೂತು ವಾದ ಮಾಡ್ತಾರೆ. ನಾನು ಅದನ್ನು ಓದ್ತೀನಿ ಅಂದೆ. ಅಮ್ಮಿ ಸೊಪ್ಪು ಬಿಡಿಸುತ್ತ, "ಅಂದ್ರೆ ಊಟ ಬಿಟ್ಟು ಅಡುಗೆಮನೆ ಜಗಳ ಕೇಳ್ತೀಯ" ಅಂದರು. ಇಷ್ಟು ಚೆನ್ನಾಗಿ ನನ್ನ ಗೈಡ್ ಕೂಡ ಹೇಳಿಲ್ಲ.

ಈಗ ವಿಷಯಕ್ಕೆ. ರೈಲಿನಲ್ಲಿ ಆಡಿದ ಮಾತು ನಿಜ ಮಾಡೋಣವೇ? ಧಾರವಾಡದಲ್ಲಿ ಒಬ್ಬರು ಒಂದು ವರ್ಷ ಕೂತು ಸಂಗ್ರಹಿಸಿದ ಚರ್ಚೆಗಳು ಮೈಸೂರಿನಲ್ಲಿ ಪಾಠ ಮಾಡುವ ಸಂಗೀತಾ ಹತ್ತಿರ ಆಗಲೇ ಇದ್ದವಂತೆ. ಇಬ್ಬರಿಗೂ ಗೊತ್ತಿರಲಿಲ್ಲ. ವಿಕಿ ಬರೆಯುವವರು ಜಗತ್ತಿನೊಂದಿಗೆ ಎಲ್ಲ ಹಂಚಿಕೊಳ್ತಾರೆ, ವಿಕಿ ಅಧ್ಯಯನ ಮಾಡುವ ನಾವು ಮಾತ್ರ ಒಬ್ಬೊಬ್ಬರೇ ಬೀರುವಿಗೆ ಬೀಗ ಹಾಕಿಕೊಂಡು ಕೂತಿದ್ದೇವೆ. ನಾಚಿಕೆ ಆಗಬೇಕು! ಎಲ್ಲರ ಲೇಖನ, ಎಲ್ಲರ ಸಂಗ್ರಹ, ಎಲ್ಲರ ಬಗೆಹರಿಯದ ಪ್ರಶ್ನೆ ಒಂದೇ ಜಾಲತಾಣದಲ್ಲಿ ಸಿಗಬೇಕು. ಹೆಸರು ಕೂಡ ಯೋಚಿಸಿಟ್ಟಿದ್ದೇನೆ: ಜಂಕ್ಷನ್. ನನ್ನ ಊರಿನ ಗಾಡಿ, ನಿಮ್ಮೂರಿನ ಗಾಡಿ ಎರಡೂ ಸೇರುವ ಬೀರೂರಿನ ಹಾಗೆ.

ನಿಮ್ಮ
ಶಿರೀನ್ ತಾಜ್


ಅಜ್ಜಂಪುರ
೧೧ ಜೂನ್ ೨೦೨೪

ಶಿರೀನ್‌ಗೆ ಆಶೀರ್ವಾದಗಳು.

ಕ್ಷೇಮವಾಗಿ ಬಂದೆ ಕಣೇ. ನಿನ್ನ ಹರಟೆಯಿಂದ ತಲೆನೋವು ಬರಬೇಕಿತ್ತು, ಬರಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಇಡೀ ದಿನ "ಸದ್ದು ಮಾಡಬೇಡಿ" ಅಂತ ಹೇಳುತ್ತ ಇಪ್ಪತ್ತು ವರ್ಷ ಕಳೆದವಳು ನಾನು. ಸದ್ದು ಕೇಳುವುದೂ ಒಂದು ಸುಖ ಅಂತ ಅವತ್ತು ಗೊತ್ತಾಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಿದ್ದೀಯ. ಆಗಲಿ, ಕುಲಾವಿ ಚೆನ್ನಾಗಿದೆ. ಜಂಕ್ಷನ್ ಅಂತಲೇ ಇಡೋಣ. ಪುಟಗಳ ವಿಂಗಡಣೆ, ಹುಡುಕುವ ಸೌಲಭ್ಯ, ಯಾವ ಲೇಖನ ಯಾವ ಕಪಾಟಿಗೆ ಅನ್ನುವುದೆಲ್ಲ ನನ್ನ ಕೆಲಸ. ಜನರನ್ನು ಕರೆತರುವುದು ನಿನ್ನದು. ನೀನು ಮಾತಾಡಿದರೆ ಸಾಕು, ತಪ್ಪಿಸಿಕೊಳ್ಳಲಾಗದೆ ಬಂದು ಸೇರುತ್ತಾರೆ.

ಎರಡು ಮಾತು. ಇದರ ಬಗ್ಗೆ ಏನಿದ್ದರೂ ಹೀಗೆ ಮೇಲ್‌ನಲ್ಲಿ ಬರಿ, ಫೋನಿನಲ್ಲಿ ಬೇಡ. ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ಹೂಂ ಅಂದುಬಿಡ್ತೀನಿ, ಇಟ್ಟ ಮೇಲೆ ಯೋಚನೆ ಬರುತ್ತೆ. ಇನ್ನೊಂದು, ಜಂಕ್ಷನ್‌ನಲ್ಲಿ ಯಾರ ಬಗ್ಗೆ ಬರೆದರೂ ವಿಕಿಯಲ್ಲಿನ ಅವರ ಬಳಕೆದಾರ ಹೆಸರು ಹಾಕಬಾರದು. ಒಂದನೆಯವರು, ಎರಡನೆಯವರು ಅಂತ ಕರೆಯೋಣ. ಅವರು ನಮಗಾಗಿ ಬರೆದವರಲ್ಲ, ಕದ್ದು ಕೇಳುತ್ತಿರುವವರು ನಾವು. ನಿಮ್ಮ ಅಮ್ಮಿ ಹೇಳಿದ್ದು ಸರಿಯಾಗಿಯೇ ಇದೆ.

ಹೇಮಾವತಿ


ತರೀಕೆರೆ
೩೦ ಜೂನ್ ೨೦೨೪

ಹೇಮಕ್ಕಾ,

ಸಿಕ್ಕಿತು! ನನ್ನ ಅಧ್ಯಾಯ ಸಿಕ್ಕಿತು!

"ಊರುಕೋಶ" ಗೊತ್ತಲ್ಲ, ನಮ್ಮ ಕಡೆಯ ಊರು, ಕೆರೆ, ಗುಡಿ, ದರ್ಗಾಗಳ ಬಗ್ಗೆ ಜನರೇ ಬರೆಯುವ ಪುಟ್ಟ ಕನ್ನಡ ವಿಕಿ. ಅದರಲ್ಲಿ ಬುಕ್ಕಾಂಬುಧಿ ಕೆರೆಯ ಚರ್ಚೆ ಪುಟ ತೆರೆದು ನೋಡಿ. ಪುಟಕ್ಕಿಂತ ಚರ್ಚೆಯೇ ಹತ್ತು ಪಟ್ಟು ಉದ್ದ. ಇಬ್ಬರೇ ಇಬ್ಬರು. ಒಬ್ಬರ ಹೆಸರು "ಕೆರೆಏರಿ", ಆ ಕಡೆಯವರೇ ಇರಬೇಕು. ಇನ್ನೊಬ್ಬರು "ಕಡೂರು ಕಾವಲುಗಾರ", ಊರುಕೋಶದಲ್ಲಿ ತಪ್ಪು ಅಳಿಸುವ ಅಧಿಕಾರ ಇರುವವರು. ಕೆರೆಏರಿ ಒಂದು ಸಾಲು ಬರೆಯುವುದು, ಕಾವಲುಗಾರ ಬಂದು ಅಳಿಸುವುದು. ಸ್ವಲ್ಪ ರುಚಿ ತೋರಿಸ್ತೀನಿ.

ಕೆರೆಏರಿ: "ಈ ತೂಬು ಏರಿ ಕಟ್ಟಿದಾಗಿನಿಂದಲೂ ಇದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ."

ಕಾವಲುಗಾರ: "ಹಿರಿಯರು ಹೇಳುವುದು ಆಧಾರವಲ್ಲ. ಅಳಿಸಿದ್ದೇನೆ."

ಕೆರೆಏರಿ: "ನಿಮ್ಮ ತಂದೆ ಹೆಸರು ನಿಮಗೆ ಯಾರು ಹೇಳಿದ್ದು ಸ್ವಾಮೀ? ಹಿರಿಯರಲ್ಲವೇ?"

ಕಾವಲುಗಾರ: "ಜನನ ಪ್ರಮಾಣಪತ್ರ ಇದೆ."

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆದರೆ ಮುಂದೆ ಓದಿದರೆ ನಗು ನಿಂತುಹೋಗುತ್ತೆ. ಎಂಟು ತಿಂಗಳು ಹೀಗೇ ನಡೆದು, ಕೊನೆಗೆ ಕಾವಲುಗಾರ ಬರೆದದ್ದು ಇದು: "ಬರೆದು ಬರೆದು ಸಾಕಾಯಿತು. ಬೀರೂರಿಗೆ ಬನ್ನಿ, ಎದುರಾಎದುರು ಇತ್ಯರ್ಥ ಮಾಡಿಕೊಳ್ಳೋಣ." ಅಲ್ಲಿಗೆ ಕೆರೆಏರಿ ಸುಮ್ಮನಾದರು. ಅದಾದ ಮೇಲೆ ಅವರದ್ದು ಒಂದಕ್ಷರ ಇಲ್ಲ. ಎರಡು ವರ್ಷವಾಯಿತು.

ನನ್ನ ಸಂಶೋಧನೆಯ ಪ್ರಶ್ನೆಯೇ ಅದು: ಉತ್ಸಾಹದಿಂದ ಬರೆಯುತ್ತಿದ್ದವರು ಏಕೆ ನಿಲ್ಲಿಸುತ್ತಾರೆ? ಉತ್ತರ ಕಣ್ಣೆದುರಿಗೇ ಇದೆ. ಹೆದರಿಸಿ ಓಡಿಸಿದರು.

ಶಿರೀನ್


ಅಜ್ಜಂಪುರ
೩ ಜುಲೈ ೨೦೨೪

ಶಿರೀನ್,

ಓದಿದೆ. ಜನನ ಪ್ರಮಾಣಪತ್ರಕ್ಕೆ ನಾನೂ ನಕ್ಕೆ. ಮೇಜಿನ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ನನ್ನನ್ನೇ ನೋಡಿದಳು, ಮೇಡಂ ನಗ್ತಾರಾ ಅಂತ.

ಕೊನೆಯ ಸಾಲು ನೀನು ಹೇಳಿದ ಹಾಗೆ ಬೆದರಿಕೆ ಇರಬಹುದು. ಇಲ್ಲದೆಯೂ ಇರಬಹುದು. ನಮ್ಮ ಕಡೆ ಸೋದರಮಾವನನ್ನು ಊಟಕ್ಕೆ ಕರೆಯುವುದೂ ಅದೇ ಧಾಟಿಯಲ್ಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಪ್ರತ್ಯಕ್ಷ ಕೂಡ ಕಂಡಿಲ್ಲ, ಪರದೆಯ ಮೇಲೆ ಓದಿದ್ದೀಯ. ಬುಕ್ಕಾಂಬುಧಿ ನಮ್ಮೂರಿನಿಂದ ಒಂದು ಬಸ್ಸಿನ ದಾರಿ. ಹೋಗಿ ಕೇಳಿಬರಲೇ?

ಜಂಕ್ಷನ್‌ಗೆ ಕಪಾಟುಗಳನ್ನು ಮಾಡಿದ್ದೇನೆ. ಪ್ರಕಟವಾದ ಲೇಖನಗಳು ಒಂದು ಕಡೆ, ಚರ್ಚೆಗಳ ಸಂಗ್ರಹ ಒಂದು ಕಡೆ, ಇನ್ನೂ ಬೇಯುತ್ತಿರುವ ಅಧ್ಯಾಯಗಳು ಒಂದು ಕಡೆ. ಬರೆಯುವವರು ಏನೇ ಸೇರಿಸಿದರೂ ಬೇರೆ ಸದಸ್ಯರು ಪಕ್ಕದಲ್ಲಿ ಟಿಪ್ಪಣಿ ಹಾಕಬಹುದು. ಒಮ್ಮೆ ನೋಡು.

ಹೇಮಾವತಿ


ತರೀಕೆರೆ
೧೮ ಆಗಸ್ಟ್ ೨೦೨೪

ಹೇಮಕ್ಕಾ,

ನೀವು ಬುಕ್ಕಾಂಬುಧಿಗೆ ಹೋಗುವುದು ಖಂಡಿತ ಬೇಡ. ನನ್ನ ಅಧ್ಯಯನ ಇರುವುದು ಪುಟದ ಮೇಲೆ ಏನಿದೆ ಅನ್ನುವುದರ ಬಗ್ಗೆ. ಮನೆ ಬಾಗಿಲು ತಟ್ಟಿ ಕೇಳಿದರೆ ಅವರು ನಮಗೆ ಬೇಕಾದ್ದನ್ನೇ ಹೇಳಿಬಿಡ್ತಾರೆ ಅಂತ ಗೈಡ್ ಹೇಳಿದರು.

ನಿಮ್ಮ ಕಪಾಟುಗಳು ನೋಡಿ ಕಣ್ಣು ತುಂಬಿತು. ಬೇಯುತ್ತಿರುವ ಅಧ್ಯಾಯಗಳ ಕಪಾಟಿಗೆ ಮೊದಲ ಪಾತ್ರೆ ನಾನೇ ಇಟ್ಟಿದ್ದೇನೆ. ಹೆಸರು "ಕೆರೆಏರಿ ಏಕೆ ಸುಮ್ಮನಾದರು?" ಅಂತ ಮನಸ್ಸಿನಲ್ಲಿ, ತಾಣದಲ್ಲಿ "ಒಂದನೆಯವರು ಏಕೆ ಸುಮ್ಮನಾದರು?" ನೋಡಿ, ನಿಮ್ಮ ನಿಯಮ ಅಕ್ಷರಶಃ ಪಾಲಿಸಿದ್ದೇನೆ. ಎಲ್ಲೂ ಹೆಸರಿಲ್ಲ, ಕೆರೆಯ ಹೆಸರೂ ಇಲ್ಲ. ಅವರ ಮಾತುಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಅದರ ಖಾರ ಇಲ್ಲದಿದ್ದರೆ ಓದುವವರು ಯಾರು?

ಯಾರು ಯಾವಾಗ ಎಷ್ಟು ಬರೆದರು ಅಂತ ತೋರಿಸುವ ಒಂದು ನಕ್ಷೆಯನ್ನೂ ಹಾಕಿದ್ದೇನೆ. ಒಂದನೆಯವರು ಸುಮ್ಮನಾದ ಮೇಲೆ ಎರಡನೆಯವರ ಬರಹ ಎರಡರಷ್ಟಾಗಿದೆ! ಅದೂ ಕೆರೆ, ತೂಬು, ಕೋಡಿಗಳ ಬಗ್ಗೆಯೇ. ಎದುರಾಳಿಯನ್ನು ಓಡಿಸಿ ಅವನ ಹೊಲವನ್ನೇ ಉತ್ತುಕೊಂಡ ಹಾಗೆ. ಸದಸ್ಯರೆಲ್ಲ ಓದಿ ಬೆನ್ನು ತಟ್ಟಿದ್ದಾರೆ. ಡಿಸೆಂಬರಿನ ವಿಚಾರಸಂಕಿರಣಕ್ಕೂ ಪ್ರಬಂಧ ಒಪ್ಪಿಗೆಯಾಯಿತು. ಅಮ್ಮಿ ಖುಷಿಯಲ್ಲಿ ಬೀದಿಗೆಲ್ಲ ಫಿರ್ನಿ ಹಂಚಿದರು, ಏನಕ್ಕೆ ಅಂತ ಕೇಳಿದವರಿಗೆ ಮಾತ್ರ ಹೇಳೋಕೆ ಬರಲಿಲ್ಲ.

ಶಿರೀನ್


ಅಜ್ಜಂಪುರ
೧೬ ಸೆಪ್ಟೆಂಬರ್ ೨೦೨೪

ಶಿರೀನ್,

ಆ ಅಧ್ಯಾಯವನ್ನು ಜಂಕ್ಷನ್‌ನಿಂದ ತೆಗೆ. ವಿಚಾರಸಂಕಿರಣಕ್ಕೂ ಸದ್ಯಕ್ಕೆ ಬೇಡ ಅಂತ ಬರೆ. ಕಾರಣ ಹೇಳುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ. ಒಬ್ಬರ ಮರ್ಯಾದೆಯ ಪ್ರಶ್ನೆ. ತಾಣದ ಕೀಲಿ ನನ್ನ ಹತ್ತಿರವೂ ಇದೆ, ನಾನೇ ತೆಗೆಯಬಹುದು. ಆದರೆ ಅದು ನಿನ್ನ ಬರಹ. ನೀನೇ ತೆಗೆಯಬೇಕು ಅಂತ ಆಸೆ.

ನನ್ನ ಮೇಲೆ ನಂಬಿಕೆ ಇಡು.

ಹೇಮಾವತಿ


ತರೀಕೆರೆ
೧೭ ಸೆಪ್ಟೆಂಬರ್ ೨೦೨೪

ಹೇಮಾವತಿ ಮೇಡಂ ಅವರಿಗೆ,

ನಾಲ್ಕು ಸಾಲಿನಲ್ಲಿ ನನ್ನ ಎರಡೂವರೆ ತಿಂಗಳ ಕೆಲಸ ತೆಗೆ ಅಂತೀರಿ, ಕಾರಣ ಕೇಳಬಾರದು ಅಂತೀರಿ. ಇದಕ್ಕೇನು ಹೇಳಬೇಕು?

ಬೇಡ ಅಂದರೂ ಬುಕ್ಕಾಂಬುಧಿಗೆ ಹೋಗಿದ್ದೀರಿ, ಅಷ್ಟು ಗೊತ್ತಾಗದಷ್ಟು ಪೆದ್ದಿಯಲ್ಲ ನಾನು. ಅಲ್ಲಿ ಕಾವಲುಗಾರನ ಕಡೆಯವರು ಯಾರೋ ನಿಮಗೆ ಬೇಕಾದವರಿರಬೇಕು. ಇಲ್ಲವೇ, ಬರೆಯಬಾರದು ಆದರೂ ಬರೆಯುತ್ತೇನೆ, ಜಂಕ್ಷನ್ ಕಟ್ಟಿದವರು ನೀವು, ಹೊಗಳಿಸಿಕೊಂಡವಳು ನಾನು. ಅದು ಹೊಟ್ಟೆಯಲ್ಲಿ ಕಿಚ್ಚು ಹಚ್ಚಿತೋ ಏನೋ.

ಹಿರಿಯರು ಹೇಳಿದ್ದು ಆಧಾರವಲ್ಲ. ತೆಗೆಯುವುದಿಲ್ಲ.

ಶಿರೀನ್ ತಾಜ್


ತರೀಕೆರೆ
೬ ಅಕ್ಟೋಬರ್ ೨೦೨೪

ಹೇಮಕ್ಕಾ,

ಹೇಗೆ ಶುರು ಮಾಡಲಿ? ಅಧ್ಯಾಯ ತೆಗೆದುಬಿಟ್ಟೆ. ತೆಗೆದರೂ ಏನೂ ಪ್ರಯೋಜನವಿಲ್ಲ.

ಹೋದ ವಾರ ಸಂಗೀತಾ ತಮ್ಮ ವಿದ್ಯಾರ್ಥಿಗಳಿಗೆ ನನ್ನ ಅಧ್ಯಾಯ ತೋರಿಸಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ. ಅವರಲ್ಲಿ ಯಾರೋ ನಾನು ಇದ್ದ ಹಾಗೇ ಇಟ್ಟಿದ್ದ ಒಂದು ಸಾಲನ್ನು ಎತ್ತಿ ಗೂಗಲ್‌ನಲ್ಲಿ ಹಾಕಿದ್ದಾರೆ. ಅಷ್ಟೇ ಅಕ್ಕಾ! ನೇರ ಬುಕ್ಕಾಂಬುಧಿಯ ಚರ್ಚೆ ಪುಟಕ್ಕೆ ಹೋಗಿ ನಿಂತಿದೆ. ಹೆಸರು ಮರೆಸಿದೆ ಅಂತ ಬೀಗುತ್ತಿದ್ದೆ, ಮನೆಯ ವಿಳಾಸವನ್ನೇ ಕೊಟ್ಟುಬಿಟ್ಟಿದ್ದೆ. ವಿಕಿ ಅಂದರೆ ಪ್ರತಿ ಅಕ್ಷರವೂ ಹುಡುಕಿದರೆ ಸಿಗುವ ಜಾಗ ಅಂತ ಊರಿಗೆಲ್ಲ ಪಾಠ ಹೇಳುವವಳು ನಾನು. ನನಗೇ ಹೊಳೆಯಲಿಲ್ಲ.

ಕಾವಲುಗಾರರ ಪುಟದಲ್ಲಿ ಬೈಗುಳ ಶುರುವಾಯಿತು. "ಬರೆಯುವವರನ್ನು ಓಡಿಸುವ ರೌಡಿ" ಅಂತ. ಅವರು ಹಿಂದೆ ಕಡೂರಿನ ಪುಟಕ್ಕೆ ಹಾಕಿದ್ದ ಪೇಟೆ ಬೀದಿಯ ಚಿತ್ರದಲ್ಲಿ ಅವರ ಕನ್ನಡಕದ ಅಂಗಡಿಯ ಬೋರ್ಡ್ ಇತ್ತು. ಅದರಿಂದ ಹೆಸರೂ ಹೊರಬಿತ್ತು. ಮುಬಶೀರ್. ಹೆಸರು ಗೊತ್ತಾದ ಮೇಲೆ ಬೈಗುಳದ ಬಣ್ಣವೇ ಬದಲಾಯಿತು. ಏನೇನು ಬರೆದರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. "ನಮ್ಮ ಕೆರೆ ಬಗ್ಗೆ ಇವನ್ಯಾರು ಹೇಳೋಕೆ" ಅನ್ನುವುದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನದು.

ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ಮೊನ್ನೆ ಒಂದು ಸಾಲು ಬರೆದರು: "ಇಷ್ಟು ದಿನ ತಿದ್ದಿದ್ದಕ್ಕೆ ಕ್ಷಮೆ ಇರಲಿ. ನಮಸ್ಕಾರ." ಅಧಿಕಾರ ಹಿಂದಕ್ಕೆ ಕೊಟ್ಟು ಹೋಗಿಬಿಟ್ಟರು.

ಜನ ಬರೆಯುವುದನ್ನು ಏಕೆ ನಿಲ್ಲಿಸ್ತಾರೆ ಅಂತ ಪಿಎಚ್‌ಡಿ ಮಾಡ್ತಿದ್ದೀನಿ ಅಕ್ಕಾ. ನನ್ನಿಂದಲೇ ಒಬ್ಬರು ನಿಲ್ಲಿಸಿದರು. ಎರಡು ದಿನದಿಂದ ಅನ್ನ ಸೇರ್ತಿಲ್ಲ. ಅಮ್ಮಿ ಗದರಿಸಿ ವಿಷಯ ಹೊರಡಿಸಿದರು. ಕೇಳಿ ತಟ್ಟೆಗೆ ಅನ್ನ ಬಡಿಸಿದರು. ಆಮೇಲೆ, "ಆ ಮನುಷ್ಯ ಈಗ ಅಂಗಡೀಲಿ ಕೂತು ಬಾಗಿಲಿಗೆ ಬಂದವರ ಮುಖ ಹೆಂಗೆ ನೋಡ್ತಾನೆ" ಅಂದರು.

ಹದಿನೇಳನೇ ತಾರೀಖು ನಿಮಗೆ ಬರೆದದ್ದನ್ನು ನೆನೆದರೆ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತೆ. ಬೈಯಿರಿ. ಬೈದ ಮೇಲಾದರೂ ಏನು ನಡೆದಿತ್ತು ಅಂತ ಹೇಳಿ.

ನಿಮ್ಮ
ಶಿರೀನ್


ಅಜ್ಜಂಪುರ
೮ ಅಕ್ಟೋಬರ್ ೨೦೨೪

ಶಿರೀನ್,

ಮೊದಲು ಊಟ ಮಾಡು. ಹಸಿದ ಹೊಟ್ಟೆಯಲ್ಲಿ ಪಶ್ಚಾತ್ತಾಪ ಪಟ್ಟರೆ ಪಿತ್ತ ಏರುತ್ತೆ ಅಷ್ಟೇ. ಹೊಟ್ಟೆಕಿಚ್ಚು ಅಂದೆಯಲ್ಲ, ಅವತ್ತು ಬಹಳ ನೋವಾಯಿತು. ಎರಡು ಸಲ ಉತ್ತರ ಬರೆದು ಅಳಿಸಿದೆ. ಅದು ಅಲ್ಲಿಗೆ ಬಿಡು.

ಈಗ ಹೇಳುವುದಕ್ಕೆ, ಅವತ್ತು ನನ್ನಿಂದ ಮಾತು ತೆಗೆದುಕೊಂಡವರಿಂದಲೇ ಒಪ್ಪಿಗೆ ತಂದಿದ್ದೇನೆ. ನೀನು ಬೇಡ ಅಂದರೂ ಬುಕ್ಕಾಂಬುಧಿಗೆ ಹೋಗಿದ್ದು ನಿಜ. ಬಸ್ಸಿಳಿದು ಅಂಗಡಿಯಲ್ಲಿ, "ಇಲ್ಲಿ ಕೆರೆ ಬಗ್ಗೆ ಕಂಪ್ಯೂಟರಿನಲ್ಲಿ ಬರೆಯೋರು ಯಾರಪ್ಪಾ" ಅಂದೆ. "ಯಾರ್ರೀ ಇನ್ನ, ಲಕ್ಕಣ್ಣ! ಕೆರೆ ಅಂದ್ರೆ ಊಟ ಬಿಡ್ತಾನೆ" ಅಂದರು. ತೆಂಗು, ಈರುಳ್ಳಿ ಬೆಳೆಯುವ ಮನುಷ್ಯ, ಬಿ.ಎ. ಓದಿದ್ದಾರೆ. ಕೆರೆಏರಿ ಅವರೇ. ಏಕೆ ಸುಮ್ಮನಾದಿರಿ ಅಂತ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಏನ್ ಮಾಡೋದು ತಾಯಿ, ಆ ವರ್ಷ ಕೆರೆ ಕೋಡಿ ಬಿತ್ತು. ಫೋಟೋ ತೆಗೆಯಾನ ಅಂತ ಬಗ್ಗಿದೆ, ಫೋನು ಬುಳುಕ್ ಅಂತ ಒಳಗೋಯ್ತು. ನಂಬರೂ ಹೋಯ್ತು, ಪಾಸ್‌ವರ್ಡೂ ಹೋಯ್ತು."

ಇಷ್ಟೇ ಶಿರೀನ್. ಯಾರೂ ಹೆದರಿಸಲಿಲ್ಲ. ಕೆರೆಯೇ ಅವರ ಬಾಯಿ ಮುಚ್ಚಿಸಿತು.

ಬೀರೂರಿಗೆ ಬನ್ನಿ ಅಂದದ್ದು ಏನು ಅಂತ ಕೇಳಿದೆ. "ಮೇಲ್ ಹಾಕಿ ಅದೇ ವಾರ ಹೋದೆ, ಫೋನ್ ಬೀಳೋಕೂ ಮುಂಚೆ. ಯಾರೋ ಪೈಲ್ವಾನ್ ಇರ್ತಾನೆ ಅಂದ್ಕೊಂಡಿದ್ದೆ. ನೋಡಿದ್ರೆ ಸಣಕಲು ಸಾಹೇಬ್ರು, ಒಂದು ಚೀಲ ಪುಸ್ತಕ ಹೊತ್ಕೊಂಡ್ ಬಂದವ್ರೆ! ಸ್ಟೇಷನ್ ಮುಂದಿನ ಹೋಟ್ಲಲ್ಲಿ ಕೂತ್ವಿ. ಸಂಜೆ ಗಾಡಿ ತಪ್ಪಿಹೋಯ್ತು ಕಣ್ರೀ, ಅಷ್ಟು ಜಗಳ ಆಡಿದ್ವಿ" ಅಂದರು. ಹೇಳುವಾಗ ಅವರ ಮುಖ ನೋಡಬೇಕಿತ್ತು ನೀನು.

ಅವತ್ತಿನಿಂದ ಭಾನುವಾರ ಬಂತು ಅಂದರೆ ಲಕ್ಕಣ್ಣ ಬುಕ್ಕಾಂಬುಧಿಯಿಂದ, ಮುಬಶೀರ್ ಕಡೂರಿನಿಂದ ಬೀರೂರಿಗೆ. ಫೋನು ನೀರಿಗೆ ಬಿದ್ದ ಮೇಲೆ ಮುಬಶೀರ್ ತಮ್ಮ ಲ್ಯಾಪ್‌ಟಾಪ್ ತರತೊಡಗಿದರು. ಲಕ್ಕಣ್ಣ ಹೇಳುವುದು, ಅವರು ಆಧಾರ ಕೇಳುವುದು, ಇಬ್ಬರೂ ಒಪ್ಪಿದ್ದು ಕಾವಲುಗಾರನ ಹೆಸರಿನಲ್ಲಿ ಪುಟಕ್ಕೆ ಹೋಗುವುದು. ನಿನ್ನ ನಕ್ಷೆಯಲ್ಲಿ ಬರಹ ಎರಡರಷ್ಟಾಯಿತಲ್ಲ, ಬರೆಯುತ್ತಿದ್ದವರು ಇಬ್ಬರು, ಅದಕ್ಕೆ.

ಹೊಸ ಖಾತೆ ತೆರೆಯಬಹುದಿತ್ತಲ್ಲ ಅಂದೆ. "ಅದರಾಗೆ ನಾನು ಹೊಸಬ ಆಗ್ಬಿಡ್ತೀನಿ. ಎಂಟು ತಿಂಗಳು ಬಡಿದಾಡಿದ್ದು ಯಾರು ಹಂಗಾದ್ರೆ?" ಅಂದರು. ಹಟ.

ಆದರೆ ಒಂದು ಖಾತೆಯಲ್ಲಿ ಇಬ್ಬರು ಬರೆಯಬಾರದು ಅಂತ ಊರುಕೋಶದ ನಿಯಮ. ನಿಯಮ ಕಾಯುವವರೇ ಮುರಿದರು ಅಂತಾದರೆ ಮುಬಶೀರ್ ಅವರ ಅಧಿಕಾರ ಹೋಗುತ್ತಿತ್ತು. "ಬಾಯಿ ಬಿಡಬೇಡಿ ತಾಯಿ, ನಂಗೋಸ್ಕರ ಮಾಡವ್ರೆ" ಅಂತ ಲಕ್ಕಣ್ಣ ನನ್ನಿಂದ ಮಾತು ತೆಗೆದುಕೊಂಡರು. ಅದಕ್ಕೇ ನಾನು ಹೇಳಲಿಲ್ಲ, ಅದಕ್ಕೇ ಮುಬಶೀರ್ ಅವರೂ ತಮ್ಮ ಪರವಾಗಿ ಒಂದು ಮಾತೂ ಆಡಲಿಲ್ಲ. ನಾನು ಓಡಿಸಿಲ್ಲ, ಅವರು ನನ್ನ ಪಕ್ಕದಲ್ಲೇ ಕೂತಿದ್ದಾರೆ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯುವ ಹಾಗಿರಲಿಲ್ಲ.

ಈಗ ಲಕ್ಕಣ್ಣನಿಗೆ ಒಂದೇ ಚಿಂತೆ, ಮುಬಶೀರ್ ಮತ್ತೆ ಬರೆಯಬೇಕು. ಇಪ್ಪತ್ತನೇ ತಾರೀಖು ಭಾನುವಾರ ಇಬ್ಬರನ್ನೂ ಬೀರೂರಿಗೆ ಬರಲು ಒಪ್ಪಿಸಿದ್ದೇನೆ. ನೀನು ಹೋಗು. ನಾನು ಬರುವುದಿಲ್ಲ, ನಾನಿದ್ದರೆ ನನ್ನ ಬೆನ್ನ ಹಿಂದೆ ಅವಿತುಕೊಂಡು ಮಾತಾಡ್ತೀಯ.

ಹೇಮಾವತಿ


ತರೀಕೆರೆ
೨೧ ಅಕ್ಟೋಬರ್ ೨೦೨೪

ಹೇಮಕ್ಕಾ,

ಹೋಗಿಬಂದೆ. ರೈಲಿನಲ್ಲಿ ಏನೇನೋ ಬಾಯಿಪಾಠ ಮಾಡಿಕೊಂಡಿದ್ದೆ, ಅವರನ್ನು ನೋಡಿದ ತಕ್ಷಣ ಎಲ್ಲ ಮರೆತೆ. ಮುಬಶೀರ್ ಅವರೇ ಎದ್ದು ಕುರ್ಚಿ ಎಳೆದು ಕೊಟ್ಟರು. ನನ್ನ ಹೆಸರು ಕೇಳಿ, "ಪೈಲೇ ಚಾ ಪೀಲೇ ಬೇಟಾ" ಅಂದರು. ಮನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಮೊದಲು ಚಹಾ ಕುಡಿ ಅಂದಿದ್ದಕ್ಕೆ ಹೋ ಅಂತ ಅತ್ತುಬಿಟ್ಟೆ. ಹೋಟೆಲಿನವರೆಲ್ಲ ತಿರುಗಿ ನೋಡಿದರು.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅದಕ್ಕಿಂತ ಕಷ್ಟದ್ದು ಕೇಳಿದರು. "ನಾನು ಅಳಿಸಿದ್ದೆಲ್ಲ ಲೆಕ್ಕ ಹಾಕಿದ್ದೀಯಂತೆ. ಅಳಿಸಿದ ಮೇಲೆ ಆ ವಿಷಯಕ್ಕೆ ಆಧಾರ ಹುಡುಕಿಕೊಂಡು ಚಿಕ್ಕಮಗಳೂರು, ಶಿವಮೊಗ್ಗ ಅಂತ ಅಲೆದದ್ದು ಎಲ್ಲಾದರೂ ಕಾಣಿಸ್ತಾ?" ಇಲ್ಲ ಅಂದೆ. ಕಾಣಿಸಿರಲಿಲ್ಲ. ಆ ತೂಬಿನ ಸಾಲನ್ನು ಅಳಿಸಿದವರೂ ಅವರೇ, ಒಂದು ಹಳೇ ವರದಿ ಹುಡುಕಿ ತಂದು ಮತ್ತೆ ಸೇರಿಸಿದವರೂ ಅವರೇ. ನನ್ನ ನಕ್ಷೆಯಲ್ಲಿ ಎರಡಕ್ಕೂ ಒಂದೊಂದು ಚುಕ್ಕಿ.

ಇಬ್ಬರೂ ಕೂತು ಊರುಕೋಶದವರಿಗೆ ನಿಜ ಬರೆದರು. ನಿಯಮ ಮುರಿದಿದ್ದೇವೆ, ಆಗ್ರಹಿಸಿದ್ದು ಲಕ್ಕಣ್ಣ, ಒಪ್ಪಿದ್ದು ಮುಬಶೀರ್ ಅಂತ. ಅವರು ನಕ್ಕು ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಲಕ್ಕಣ್ಣ ಹಟ ಬಿಟ್ಟು ಅಲ್ಲೇ ಹೊಸ ಖಾತೆ ತೆರೆದರು, ತಮ್ಮ ಸ್ವಂತ ಹೆಸರಿನಲ್ಲಿ. "ಈಗ ಬನ್ನಿ ಸಾಹೇಬ್ರೇ, ಮತ್ತೆ ಶುರು ಹಚ್ಕಳಾನ" ಅಂದರು.

ಮುಬಶೀರ್ ಒಪ್ಪಲಿಲ್ಲ. "ಬೈಗುಳ ದೊಡ್ಡದಲ್ಲ ಲಕ್ಕಣ್ಣ. ಯಾರ ಕೆರೆ, ಇವನ್ಯಾರು ಅಂತ ಕೇಳಿದ್ರಲ್ಲ. ನಮ್ಮಜ್ಜನ ಅಜ್ಜ ಇಲ್ಲೇ ಹುಟ್ಟಿದ್ದು. ಅದಕ್ಕೂ ಆಧಾರ ಹುಡುಕಿಕೊಂಡು ಹೋಗ್ಲಾ?" ಅಂದು ಚೀಲ ಹೆಗಲಿಗೇರಿಸಿಕೊಂಡು ಕಡೂರಿನ ಬಸ್ಸು ಹತ್ತಿದರು.

ಪ್ರಬಂಧ ವಾಪಸ್ ತೆಗೆದುಕೊಂಡೆ. ಗೈಡ್ ಫೋನಿನಲ್ಲಿ ಕೂಗಾಡಿದರು, ಆರು ತಿಂಗಳು ಹಿಂದೆ ಬಿದ್ದೆ ಅಂದರು. ಬೀಳಲಿ. ನಾನು ತಪ್ಪು ಓದಿದ್ದನ್ನೆಲ್ಲ, ಸಾಲುಗಳನ್ನು ಹಾಗೇ ಇಟ್ಟದ್ದರಿಂದ ಆದದ್ದನ್ನೆಲ್ಲ ನನ್ನ ಹೆಸರು ಹಾಕಿ ಜಂಕ್ಷನ್‌ನ ಮೊದಲ ಪುಟದಲ್ಲಿ ಬರೆದಿದ್ದೇನೆ. ಸಂಗೀತಾ ತಮ್ಮ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಆ ಬೈಗುಳಗಳನ್ನು ಅಳಿಸುವ ಕೆಲಸ ಮಾಡಿಸುತ್ತಿದ್ದಾರೆ. ಇಷ್ಟೆಲ್ಲ ಮಾಡಿದರೂ ಅವರು ಬರಲಿಲ್ಲವಲ್ಲ ಅಕ್ಕಾ.

ಶಿರೀನ್


ಅಜ್ಜಂಪುರ
೧೭ ನವೆಂಬರ್ ೨೦೨೪

ಶಿರೀನ್,

ನಿನ್ನ ಪುಟ ಓದಿ ಇಬ್ಬರು ಸದಸ್ಯರು ಮುನಿಸಿಕೊಂಡು ಬಿಟ್ಟುಹೋದರು, ಸಂಶೋಧಕರ ಮಾನ ಹೋಯಿತಂತೆ. ಹೋಗಲಿ. ಇನ್ನೊಬ್ಬರು ಕೇರಳದಿಂದ ಬರೆದಿದ್ದಾರೆ, ನಾವೂ ಹಾಗೇ ಸಾಲುಗಳನ್ನು ಇಟ್ಟಿದ್ದೆವು, ಈಗಲೇ ತೆಗೆದೆವು ಅಂತ. ಇನ್ನು ಮೇಲೆ ಜಂಕ್ಷನ್‌ಗೆ ಏನೇ ಸೇರಿಸುವ ಮುಂಚೆಯೂ ಪ್ರತಿ ಉದ್ಧರಣೆಯನ್ನು ನಾವೇ ಹುಡುಕಿ ನೋಡಬೇಕು, ಸಿಕ್ಕರೆ ಬದಲಿಸಬೇಕು, ಆ ಮನುಷ್ಯರು ಸಿಗುವ ಹಾಗಿದ್ದರೆ ಕೇಳಬೇಕು. ಹೆಸರು ತೆಗೆದರೆ ಸಾಕು ಅಂತ ನಿಯಮ ಮಾಡಿದವಳು ನಾನು ತಾನೇ. ಅದು ಸಾಲದು ಅಂತ ನನಗೂ ಗೊತ್ತಿರಲಿಲ್ಲ.

ಇವತ್ತು ಬೀರೂರಿನಲ್ಲಿ ಗಾಡಿ ಬದಲಿಸುವಾಗ ಲಕ್ಕಣ್ಣನವರನ್ನು ನೋಡಿದೆ. ಅದೇ ಹೋಟೆಲಿನಲ್ಲಿ ಒಬ್ಬರೇ ಕೂತಿದ್ದರು. ಮುಬಶೀರ್ ಭಾನುವಾರವೂ ಬರುವುದನ್ನು ಬಿಟ್ಟಿದ್ದಾರಂತೆ. ಫೋನ್ ಮಾಡಿದರೆ ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಅಂತಾರಂತೆ. "ಇನ್ನೊಂದು ಉಪಾಯ ಐತೆ ತಾಯಿ. ಆದ್ರೆ ನಮ್ಮೂರೋರು ನೋಡಿದ್ರೆ ನನ್ನ ಕೆರೆಗೆ ತಳ್ತಾರೆ" ಅಂದರು. ಏನು ಅಂತ ಹೇಳಲಿಲ್ಲ.

ಹೇಮಾವತಿ


ತರೀಕೆರೆ
೧ ಡಿಸೆಂಬರ್ ೨೦೨೪

ಹೇಮಕ್ಕಾ, ಹೇಮಕ್ಕಾ,

ಕೂತಿದ್ದೀರಾ? ಕೂತುಕೊಂಡು ಓದಿ.

ಬೆಳಿಗ್ಗೆ ಚಹಾ ಹಿಡಿದುಕೊಂಡು ಊರುಕೋಶ ತೆರೆದೆ. ಬುಕ್ಕಾಂಬುಧಿ ಕೆರೆಯ ಪುಟದ ಮೊದಲ ಸಾಲು ಬದಲಾಗಿತ್ತು. "ಬುಕ್ಕಾಂಬುಧಿ ಕೆರೆಯು ಕಡೂರು ತಾಲ್ಲೂಕಿನಲ್ಲಿದೆ. ಇದನ್ನು ಕಡೂರಿನವರು ಕಟ್ಟಿಸಿದರೆಂದು ಹಿರಿಯರು ಹೇಳುತ್ತಾರೆ." ಅಯ್ಯೋ, ಯಾವ ಕಿಡಿಗೇಡಿ ಇದು ಅಂತ ಇತಿಹಾಸ ನೋಡಿದರೆ ಲಕ್ಕಣ್ಣ ಅಕ್ಕಾ! ತಮ್ಮ ಹೆಸರಿನಲ್ಲೇ! ಹನಿ ನೀರಿನ ವಿಷಯಕ್ಕೂ ಜೀವ ಬಿಡುವ ಮನುಷ್ಯ ಇಡೀ ಕೆರೆಯನ್ನೇ ಎತ್ತಿ ಕಡೂರಿಗೆ ಕೊಟ್ಟುಬಿಟ್ಟಿದ್ದಾರೆ. ಆಧಾರವೂ ಇಲ್ಲ, ತಲೆಬುಡವೂ ಇಲ್ಲ.

ನಾನೇ ತಿದ್ದೋಣ ಅಂತ ಕೈ ಮುಂದೆ ಮಾಡಿದೆ. ಆಗ ಅರ್ಥವಾಯಿತು, ಲಕ್ಕಣ್ಣ ನಿಮಗೆ ಹೇಳದೆ ಉಳಿಸಿದ್ದ ಉಪಾಯ ಇದೇ ಅಂತ, ಕೈ ಹಿಂದಕ್ಕೆ ತೆಗೆದೆ. ಪುಟವನ್ನು ಮತ್ತೆ ಮತ್ತೆ ತೆರೆದೆ. ಅಮ್ಮಿ ಬಂದು ಪಕ್ಕದಲ್ಲಿ ನಿಂತರು, ಏನು ನೋಡ್ತಿದ್ದೀಯ ಅಂದರು. ಅಡುಗೆಮನೆ ಅಂದೆ. ಅವರೂ ಕುರ್ಚಿ ಎಳೆದುಕೊಂಡರು. ಚಹಾ ಆರಿಹೋಯಿತು. ಮಧ್ಯಾಹ್ನದ ಅಡುಗೆಗೆ ಅಕ್ಕಿ ತೊಳೆಯುವ ಹೊತ್ತಾಯಿತು. ಬರಲಾರರು ಅಂತಲೇ ಅಂದುಕೊಂಡೆ.

ಅಳಿಸಿದರು ಅಕ್ಕಾ!

ಆ ಎರಡೂ ಸಾಲು ಹೋಯಿತು. ಅಳಿಸಿದವರ ಹೆಸರು ಕಡೂರು ಕಾವಲುಗಾರ. ಚರ್ಚೆ ಪುಟದಲ್ಲಿ ಹೀಗೆ ಬರೆದಿದ್ದಾರೆ: "ಲಕ್ಕಣ್ಣನವರೇ, ಹಿರಿಯರು ಹೇಳುವುದು ಆಧಾರವಲ್ಲ ಎಂದು ಎಷ್ಟು ಸಲ ಹೇಳಬೇಕು ನಿಮಗೆ? ತಲೆ ಕೆಟ್ಟಿದೆಯೇ? ಇನ್ನೊಮ್ಮೆ ಹೀಗೆ ಬರೆದರೆ ಸುಮ್ಮನಿರುವುದಿಲ್ಲ."

ಕೆಳಗೆ ಲಕ್ಕಣ್ಣ: "ಏನು ಮಾಡುತ್ತೀರಿ?"

ಅದರ ಕೆಳಗೆ ಇವರು: "ಮುಂದಿನ ಭಾನುವಾರ ಬೀರೂರಿಗೆ ಬನ್ನಿ, ಹೇಳುತ್ತೇನೆ."

ಈ ಮೂರು ಸಾಲನ್ನು ಇದ್ದ ಹಾಗೇ ಬರೆದಿದ್ದೇನೆ, ಇಬ್ಬರಿಗೂ ಫೋನ್ ಮಾಡಿ ಕೇಳಿಯೇ ಬರೆದಿದ್ದೇನೆ. ನಿಮಗೆ ಮಾತ್ರ ಅಂತ. ಲಕ್ಕಣ್ಣ ಫೋನ್ ಎತ್ತಿದವರೇ, "ಬೈದ್ರು ನೋಡವ್ವಾ, ಬೈದ್ರು" ಅಂತ ಅದನ್ನೇ ಹೇಳಿದರು.

ಶಿರೀನ್